ದೊಡ್ಡವ್ವನನ್ನು ಮಲಗಿಸಿದ್ದು ನಾನೇ

ಮೂರು ತಿಂಗಳ ಹಿಂದೆ ಸಾತನೂರಿಗೆ ಹೋದರೆ ದೊಡ್ಡವ್ವನ ಹಾಸಿಗೆ ಖಾಲಿ. ಅರವತ್ತೆಂಟರ ಜೀವ. ಎದೆಯ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಆಗಿನ್ನೂ ಎರಡು ತಿಂಗಳು. ಎಲ್ಲಿ ಹೋದಳು?

ತೋಟದಲ್ಲಿದ್ದಳು. ಹಿಪ್ಪುನೇರಳೆ ಸಾಲುಗಳ ನಡುವೆ, ಸೊಸೆ ಜಯಳ ಕೈ ಹಿಡಿದು ನಡೆಯುತ್ತಿದ್ದಳು.

ನನಗೆ ತಲೆ ಕೆಟ್ಟಿತು. ಈಗ ರೇಷ್ಮೆಗೂಡಿನ ರೇಟು ಏರಿದ್ದೇ ಏರಿದ್ದು. ಸೊಪ್ಪು ಕೊಯ್ಯಲು ಆಳು ಸಿಗುವುದಿಲ್ಲ. ಹಾಗಂತ ಕಾಯಿಲೆಯವಳನ್ನೂ ತೋಟಕ್ಕೆ ಇಳಿಸುವುದೇ? ಜಯಳನ್ನು ಬಾಯಿಗೆ ಬಂದಂತೆ ಬೈದೆ. ದಿನಾ ನಡೆಸಿ ಅಂತ ಆಪರೇಷನ್ ಮಾಡಿದ ಬೆಂಗಳೂರಿನ ಡಾಕ್ಟರೇ ಹೇಳಿದ್ದಾರೆ ಎಂದಳು. ನಾನು ನಂಬಲಿಲ್ಲ. (ನಮ್ಮ ಬೀದಿಯ ಡಾಕ್ಟರು 'ಫುಲ್ ರೆಸ್ಟ್' ಅಂದಿದ್ದರಲ್ಲ!) ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು.

ದೊಡ್ಡವ್ವನನ್ನು ಕನಕಪುರದ ನಮ್ಮ ಮನೆಗೆ ಕರೆತಂದೆ. ಮಂಚ, ಫ್ಯಾನು, ಹೊತ್ತು ಹೊತ್ತಿಗೆ ರಾಗಿ ಗಂಜಿ. ನೀರಿನ ಲೋಟ ಎತ್ತಲೂ ಬಿಡಲಿಲ್ಲ.

ಮೂರೇ ವಾರ. ಬಚ್ಚಲಿಗೆ ಹೋಗಲೂ ಅವಳಿಗೆ ನನ್ನ ಹೆಗಲು ಬೇಕಾಯಿತು. ಊಟ ಸೇರದು, ನಿದ್ದೆ ಬಾರದು. ಆಪರೇಷನ್ ಆದ ಕಡೆಯ ಕೈ ಮೇಲೇಳದು. ಕಾಯಿಲೆ ಮತ್ತೆ ಬಂತೇ? ಗಾಬರಿಯಿಂದ ಅವಳನ್ನು ಕರೆದುಕೊಂಡು ಬೆಂಗಳೂರಿಗೆ ಓಡಿದೆ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಕಾಯಿಲೆ ಬಂದಿಲ್ಲ, ಮಲಗಿ ಮಲಗಿ ಮೈ ಸೋತಿದೆ ಎಂದರು. ದಿನಾ ಸ್ವಲ್ಪ ನಡೆಯಬೇಕು, ಗೋಡೆಯ ಮೇಲೆ ಬೆರಳೂರಿ ಕೈಯನ್ನು ಮೆಲ್ಲಗೆ ಮೇಲಕ್ಕೆ ಒಯ್ಯಬೇಕು, ಸುಸ್ತಾದರೆ ಕೂರಬೇಕು. ಭಾರ ಮಾತ್ರ ಹೊರಿಸಬೇಡಿ.

"ಸೊಸೆಗೆ ಎಲ್ಲಾ ಹೇಳಿಕೊಟ್ಟಿದ್ದೆನಲ್ಲ. ನಿಲ್ಲಿಸಿದ್ದು ಯಾರು?"



ವಾಪಸ್ ಬರುವಾಗ ಬಸ್ಸಿನಲ್ಲಿ, ನೀನಾದರೂ ಹೇಳಬಾರದಿತ್ತೇ ಎಂದು ದೊಡ್ಡವ್ವನನ್ನು ಕೇಳಿದೆ.

"ನೀನು ಅಷ್ಟು ಆಸೆಯಿಂದ ಮಾಡ್ತಿದ್ದೆ, ಬ್ಯಾಡ ಅಂತ ಹೆಂಗನ್ಲವ್ವ? ತ್ವಾಟದಲ್ಲಿ ನಡೀವಾಗ ನಾನಿನ್ನೂ ಬದುಕಿವ್ನಿ ಅನ್ಸೋದು. ಮನಗಿದ್ರೆ ದಿಗಿಲಾಯ್ತದೆ ಕಣವ್ವ."

ಅವಳನ್ನು ಸಾತನೂರಿಗೇ ಬಿಟ್ಟುಬಂದೆ. ತಪ್ಪಾಯಿತು ಎಂದರೆ ಜಯ ಕಾಫಿ ತಂದಿಟ್ಟಳು. ಕ್ಷಮಿಸಿದಳೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ನಿನ್ನೆ ಹೋಗಿದ್ದೆ. ದೊಡ್ಡವ್ವ ತನ್ನ ತುರುಬು ತಾನೇ ಕಟ್ಟಿಕೊಂಡಿದ್ದಳು. ರೇಷ್ಮೆ ಸಾಕುವ ಹುಳುಮನೆಯವರೆಗೆ ಹೋಗಿ ಬಂದು, ಒಸಿ ಕೂತ್ಕತೀನಿ ಎಂದಳು. ನನಗೆ ಮತ್ತೆ ಗೊಂದಲ. ಇದು ಒಳ್ಳೆಯ ದಣಿವೋ, ಕೆಟ್ಟ ದಣಿವೋ? ಏಳು ಅನ್ನಲೋ, ಕೂರು ಅನ್ನಲೋ? ಕೊನೆಗೆ ಅವಳನ್ನೇ ಕೇಳಿದೆ. ಒಂದು ಗಳಿಗೆ ಸುಧಾರಿಸಿಕೊಂಡು ತಾನೇ ಎದ್ದಳು.

ಕಾಯಿಲೆಯಾದವರನ್ನು ಕೇಳುವುದಕ್ಕೆ ಮೊದಲೇ ಹಾಸಿಗೆ ಹಾಸುವುದನ್ನು ಪ್ರೀತಿ ಅಂತ ನಮಗೆ ಹೇಳಿಕೊಟ್ಟವರು ಯಾರು?