ಅಕ್ಕನ ಪಾಸ್‌ವರ್ಡ್

ನಮ್ಮಕ್ಕ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳೆಂದರೆ ಕತ್ತರಿ ಅದನ್ನು ಕೂದಲೆಳೆಯಷ್ಟೂ ದಾಟುವುದಿಲ್ಲ. ಮನೆಯಲ್ಲಿ ಮಾತ್ರ ಅವಳಿಗೆ ಗೆರೆ ಎಳೆಯುವವನು ನಮ್ಮಣ್ಣ. ಅವಳ ಇಮೇಲ್ ಖಾತೆ ತೆರೆದುಕೊಟ್ಟವನೂ ಅವನೇ. "ಪಾಸ್‌ವರ್ಡ್ ನೆನಪಿಟ್ಕೊಳ್ಳೋ ತಲೆನೋವು ನಿನಗ್ಯಾಕೆ? ನನ್ನ ಹತ್ರಾನೂ ಇರ್ಲಿ" ಅಂದಿದ್ದ. ಎಂಥ ಮಹಾ ಉಪಕಾರ!

ಬೇರೆ ಊರಿನ ದೊಡ್ಡ ಕಾರ್ಖಾನೆಯ ಸೂಪರ್‌ವೈಸರ್ ಕೆಲಸಕ್ಕೆ ಅಕ್ಕ ಅರ್ಜಿ ಹಾಕಿದಳು. ಸಂದರ್ಶನ ಚೆನ್ನಾಗಿಯೇ ಆಯಿತು. ಮೇಲ್ ಕಳಿಸುತ್ತೇವೆ ಅಂದರಂತೆ. ದಿನವೂ ಫೋನ್ ನೋಡಿದ್ದೇ ಬಂತು, ಮೇಲ್ ಬರಲಿಲ್ಲ. "ನಿನ್ನಂಥೋರು ಎಷ್ಟು ಜನ ಬಂದಿರ್ತಾರೋ, ಬಿಡು" ಎಂದು ಅಣ್ಣ ಸಮಾಧಾನ ಬೇರೆ ಹೇಳಿದ.

ನನಗೆ ಅವನ ಸಮಾಧಾನದ ಮೇಲೇ ಅನುಮಾನ. ಅಕ್ಕನ ಫೋನ್ ತೆಗೆದುಕೊಂಡು, ಕಳಿಸಿದ ಮೇಲ್‌ಗಳ ಪ್ರತಿ ಉಳಿಯುವ ಜಾಗ ತೆರೆದೆ. ಅಲ್ಲಿತ್ತು, ಅವಳ ಹೆಸರಿನಲ್ಲೇ: "ಮನೆಯ ಜವಾಬ್ದಾರಿಯಿಂದಾಗಿ ಈ ಕೆಲಸಕ್ಕೆ ಸೇರಲಾರೆ." ಅದರ ಕೆಳಗೇ, ಉತ್ತರಕ್ಕೆ ಅಂಟಿಕೊಂಡು, ಕಾರ್ಖಾನೆಯವರ ನೇಮಕದ ಮೇಲ್. ಬಂದದ್ದನ್ನು ಅಳಿಸಿದ್ದ ಬುದ್ಧಿವಂತ, ಕಳಿಸಿದ್ದನ್ನು ಅಳಿಸಲು ಮರೆತಿದ್ದ. ಅಕ್ಕನಿಗೆ ತೋರಿಸಿದೆ.

"ನಾನು ಬರೆದಿಲ್ಲ ಕಣೇ! ಫೋನ್ ನನ್ನ ಕೈಯಲ್ಲೇ ಇತ್ತಲ್ಲ?"

"ಮೇಲ್ ಫೋನಲ್ಲಿರಲ್ಲ ಅಕ್ಕ. ಎಲ್ಲೋ ದೂರದ ಸರ್ವರ್‌ಗೆ ಬಂದು ಬೀಳುತ್ತೆ. ವಿಳಾಸ, ಪಾಸ್‌ವರ್ಡ್ ಗೊತ್ತಿದ್ರೆ ಯಾವ ಫೋನಿಂದ ಬೇಕಾದ್ರೂ ಅದನ್ನ ಓದ್ಬಹುದು, ಅಳಿಸ್ಬಹುದು, ನಿನ್ನ ಹೆಸರಲ್ಲಿ ಬರೀಬಹುದು. ಆ ಕಡೆಯೋರಿಗೆ ಕಾಣೋದು ನಿನ್ನ ವಿಳಾಸ ಮಾತ್ರ, ಬರೆದ ಕೈ ಅಲ್ಲ."

ಅಕ್ಕ ಅಳಲಿಲ್ಲ. ಕಾರ್ಖಾನೆಗೆ ಫೋನ್ ಮಾಡಿದಳು. ಆ ಜಾಗಕ್ಕೆ ಬೇರೆಯವರು ಬಂದು ಸೇರಿಯಾಗಿತ್ತು. ಫೋನ್ ಕೆಳಗಿಟ್ಟಳು. ಆಮೇಲೆ ನನ್ನನ್ನು ಕೇಳಿಕೊಂಡು ತಾನೇ ಪಾಸ್‌ವರ್ಡ್ ಬದಲಿಸಿದಳು. ಉಳಿದ ಫೋನುಗಳಲ್ಲೆಲ್ಲ ಖಾತೆ ಲಾಗ್‌ಔಟ್ ಆಗುವಂತೆ ಒತ್ತಿದಳು. ಮತ್ತೇನೋ ಟೈಪ್ ಮಾಡುತ್ತಾ ಕೂತಳು.

ಸಂಜೆ ಅಣ್ಣ ಕೆಂಡಾಮಂಡಲವಾಗಿ ಬಂದ. "ಪಾಸ್‌ವರ್ಡ್ ಯಾಕೆ ಬದಲಾಯ್ಸಿದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಇನ್ನೂ ಯಾರೂ ಕಳ್ಳ ಅಂದೇ ಇರಲಿಲ್ಲ.

"ನೀನು ಹೋದ್ರೆ ಈ ಮನೆ ಯಾರು ನೋಡ್ಕೊಳ್ಳೋದು?" ಎಂದು ಅವನೇ ಬಾಯಿಬಿಟ್ಟ.

"ನಿನಗೊಂದು ಮೇಲ್ ಹಾಕಿದ್ದೀನಿ, ನೋಡು" ಅಂದಳು ಅಕ್ಕ.

ಅವನು ತೆರೆದ. ಒಂದೇ ಸಾಲು: "ಕೆಲಸದ ಜವಾಬ್ದಾರಿಯಿಂದಾಗಿ ಇನ್ನು ಈ ಮನೆಯಲ್ಲಿ ಇರಲಾರೆ." ಅವನು ನನ್ನನ್ನು ನುಂಗುವಂತೆ ನೋಡಿದ. "ಯಾರು ಬರ್ದಿದ್ದು ಇದನ್ನ?"

"ಈ ಸಲ ನಾನೇ" ಅಂದಳು ಅಕ್ಕ.