ತೂತು ತಟ್ಟೆಯ ಸಾಲು

ವೆಲಾಫಿ ಕೊಂಡ್ಲೊ ಬಾಯಿ ಬಿಟ್ಟರೆ ಬೈಗುಳ. ಪೂರ್ವ ಕೇಪ್ ಪ್ರಾಂತ್ಯದ ನಮ್ಮ ಬಂದರಿನ ಊರಲ್ಲಿ, ಉಪ್ಪುಕೊಳದ ಹಳೇ ಸ್ಮಶಾನದಲ್ಲಿ, ಮೂವತ್ತೊಂದು ವರ್ಷ ಗುಂಡಿ ತೋಡಿದವನು. ಮೇಲಿನ ದಿಬ್ಬದಲ್ಲಿ ಬಿಳಿಯರು, ಅಮೃತಶಿಲೆಯ ಕೆಳಗೆ. ಜೌಗಿನಲ್ಲಿ ಕರಿಯರಾದ ನಾವು, ತಗಡಿನ ನಂಬರಿನ ಕೆಳಗೆ. ತಗಡನ್ನು ಗುಜರಿಯವರು ಕಿತ್ತೊಯ್ದ ಮೇಲೆ ಉಳಿದ ಗುರುತು ತಟ್ಟೆಗಳದ್ದು ಮಾತ್ರ. ಸತ್ತವರು ಉಂಡ ಎನಾಮಲ್ ತಟ್ಟೆಗೆ ಮೊಳೆ ಹೊಡೆದು, ತೂತು ಮಾಡಿ, ಮಣ್ಣಿನ ಮೇಲೆ ಕವುಚಿಡುತ್ತೇವೆ. ಅದರಲ್ಲಿ ಇನ್ನೊಬ್ಬರು ಉಣ್ಣಬಾರದು.

ಎಂಬತ್ತೈದನೇ ಇಸವಿಯಲ್ಲಿ ಪೊಲೀಸರು ನಮ್ಮ ಮೆರವಣಿಗೆಗೆ ಗುಂಡು ಹಾರಿಸಿ ಒಂಬತ್ತು ಮಕ್ಕಳನ್ನು ಕೊಂದರು. ಗುರುತು ಉಳಿಯಕೂಡದೆಂದು ಕಾವಲು ನಿಂತು ಹೂಳಿಸಿದರು, ಮೇಲಿಟ್ಟ ತಟ್ಟೆಗಳನ್ನು ಬೂಟಿನಲ್ಲಿ ಒದ್ದರು. ಅವರು ಹೋದ ಮೇಲೆ ವೆಲಾಫಿ ಅವನ್ನು ಆಯ್ದು, ಆಯಾ ಮಗುವಿನ ತಲೆಕಡೆ ಮೊಳದಾಳಕ್ಕೆ ಇಳಿಸಿ ಮುಚ್ಚಿದ. ಯಾರಾದರೂ ಬಂದಾರೆಂದು ನಾನು ಗೇಟು ಕಾಯುತ್ತಿದ್ದೆ.

ಬಿಳಿಯರ ಆಳ್ವಿಕೆ ಮುಗಿದು ಬಿಡುಗಡೆ ಬಂತು. ನಮ್ಮ ಜೊತೆ ಪೊಲೀಸರಿಗೆ ಕಲ್ಲು ಹೊಡೆದ ಝಾಮಿಲೆ ಮಾಟಿ ಕೌನ್ಸಿಲರ್ ಆಗಿ, ಹೊಟ್ಟೆ ಬೆಳೆಸಿ, ಜೌಗಿನ ಜಾಗವನ್ನು ಮಾಲ್‌ನವರ ಪಾರ್ಕಿಂಗಿಗೆ ಕೊಡಿಸಲು ಹೊರಟ. ಸಮಾಧಿ ಇದ್ದರೆ ಕೊಡುವ ಹಾಗಿಲ್ಲ. ಸ್ಮಶಾನದ ದಾಖಲೆ ಪುಸ್ತಕ ಕಳೆದುಹೋಗಿದೆಯಂತೆ. ತನಿಖೆಗೆ ಅಧಿಕಾರಿ ಬರುವುದಕ್ಕೆ ವಾರ ಮೊದಲೇ, ಸ್ವಚ್ಛತೆಯ ನೆಪದಲ್ಲಿ, ನಾನೂರಕ್ಕೂ ಹೆಚ್ಚು ತಟ್ಟೆಗಳನ್ನು ಲಾರಿಗೆ ತುಂಬಿಸಿ ಸಾಗಿಸಿದ.

“ನೋಡಿ ಮೇಡಂ, ಬರೀ ಹುಲ್ಲು. ಗೋರಿ ಎಲ್ಲಿದೆ?” ಎಂದು ತನಿಖೆಯ ದಿನ ಮಾಟಿ ಆ ಅಧಿಕಾರಿಗೆ ತೋರಿಸುತ್ತಿದ್ದ.

ವೆಲಾಫಿ ಸಲಿಕೆ ಹೊತ್ತು ಬಂದ. ಎಪ್ಪತ್ತನಾಲ್ಕು ವಯಸ್ಸು, ಒಂದು ಕಾಲು ಕುಂಟು.

“ಏನಜ್ಜಾ, ಈ ಬಿಸ್ಲಲ್ಲಿ? ಮನೇಲಿ ಮಲ್ಕೋಬಾರ್ದಾ?” ಎಂದ ಮಾಟಿ.

“ನಿನ್ನ ಮಲಗ್ಸೋಕೆ ಅಳತೆ ತಗೊಳ್ಳೋಣ ಅಂತ ಬಂದೆ. ಹೊಟ್ಟೆ ನೋಡಿದ್ರೆ ಗುಂಡಿ ಎರಡಾಳಿನಗಲ ಬೇಕು ಕಣೋ.”

ಬಿಳಿಯರ ದಿಬ್ಬದ ಗೋಡೆಯ ಮೂಲೆಯಿಂದ ಸಲಿಕೆಯನ್ನೇ ಅಳತೆಗೋಲು ಮಾಡಿ, ತುದಿಗೆ ತುದಿ ಮಗುಚುತ್ತ ಅಳೆದ. ಗುಂಡಿಗಳ ಸಾಲು ಹಾಕುತ್ತಿದ್ದದ್ದೂ ಹಾಗೆಯೇ. ಹನ್ನೊಂದನೆಯ ಸಲ ಮಗುಚಿ, ನಿಂತು ಅಗೆದ. ಮೊಳದಾಳದಲ್ಲಿ ಠಣ್ ಎಂದಿತು. ನೀಲಿ ಅಂಚಿನ ತಟ್ಟೆ.

“ಯಾರೋ ಎಸೆದ ಕಸ,” ಎಂದ ಮಾಟಿ.

“ಕಸಾನಾ? ಮೂರು ತೂತು ಎಣಿಸ್ಕೋ. ಒಂದು ಸಾಕೋ ಅಂದ್ರೂ ಕೇಳ್ದೆ, ಅಳ್ತಾ ಅಳ್ತಾ ನೀನೇ ಹೊಡ್ದಿದ್ದು. ನಿನ್ ತಮ್ಮ ಉಂಡ ತಟ್ಟೆ ಕಣೋ, ನಾಯಿ.”

ಮಾಟಿ ಫೋನ್ ತೆಗೆದು ಯಾರ ಜೊತೆಗೋ ಮಾತಾಡುವವನಂತೆ ಆಚೆ ಹೋದ.

ಅಧಿಕಾರಿ ಅದೇ ಸಾಲಿನಲ್ಲಿ ಇನ್ನೆರಡು ಕಡೆ ಅಗೆಸಿ, ಅಲ್ಲೂ ತಟ್ಟೆ ಸಿಕ್ಕ ಮೇಲೆ ವೆಲಾಫಿಯಿಂದ ಲೆಕ್ಕ ಕೇಳಿ, “ಈ ಒಂಬತ್ತರ ಸಾಲು ಮುಟ್ಟೋ ಹಾಗಿಲ್ಲ,” ಎಂದು ಬರೆದುಕೊಂಡಳು.

“ಮಿಕ್ಕವು?” ಎಂದೆ.

“ಗುರುತು ಬೇಕಲ್ರೀ.”

ಪೊಲೀಸರು ಒದ್ದ ಒಂಬತ್ತು ಉಳಿದವು. ನಮ್ಮವರು ಗುಡಿಸಿದ ನಾನೂರರ ಮೇಲೆ ಈಗ ಕಾರುಗಳು ನಿಲ್ಲುತ್ತವೆ.

ಎರಡು ವರ್ಷಕ್ಕೆ ವೆಲಾಫಿ ಸತ್ತ. ಹೊಸ ಸ್ಮಶಾನದಲ್ಲಿ ಹೂತೆವು. ಅವನ ತಟ್ಟೆಗೆ ಮೊಳೆ ಹೊಡೆದವನು ನಾನೇ. ಮೇಲಿಡು ಎಂದರು ಅವನ ಮನೆಯವರು. ನಾನು ಇಡಲಿಲ್ಲ. ಮಂಡಿಯೂರಿ, ತೋಳು ಮುಳುಗುವಷ್ಟು ಆಳಕ್ಕೆ ಇಳಿಸಿ ಮಣ್ಣೆಳೆದೆ.