ಬಡಿಸದ ಎಲೆ

ಮಾಂಬಳ್ಳಿಯ ನಮ್ಮ ದೊಡ್ಡವ್ವನ ಮನೆಯಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರಿಗೆಲ್ಲ ಎಡೆ ಇಡುವಾಗ, ಸಾಲಿನ ಕೊನೆಗೆ ಒಂದು ಎಲೆ ಬರಿದೇ ಇರುತ್ತದೆ. ನೀರು ಚಿಮುಕಿಸುತ್ತಾರೆ, ಬಡಿಸುವುದಿಲ್ಲ. ಅದು ನನ್ನ ತಾಯಿಯ ತಂದೆಯ ಎಲೆ. ಎರಡನೇ ಮಹಾಯುದ್ಧದ ಕಾಲಕ್ಕೆ ಪಟಾಲಂ ಸೇರಿದ ತಾತ ತಿರುಗಿ ಬರಲಿಲ್ಲ. ಸತ್ತನೆಂಬ ಕಾಗದವೂ ಬರಲಿಲ್ಲ. ಬದುಕಿರಬಹುದಾದವನಿಗೆ ಎಡೆ ಬಡಿಸಿದರೆ ಆಯುಸ್ಸಿಗೆ ಕೇಡು ಎಂದು ಅಜ್ಜಿ ತಾನು ಸಾಯುವ ತನಕ ಬಡಿಸಲು ಬಿಡಲಿಲ್ಲ. ಆಮೇಲೆ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ, ಅದೇ ಕಾನೂನನ್ನು ಮುಂದುವರಿಸಿದಳು. ತಾತನಿಗೀಗ ನೂರು ದಾಟಿ ಎಷ್ಟೋ ಕಾಲವಾಗಿರಬೇಕು. ಆ ಆಯುಸ್ಸಿಗೆ ಇನ್ನು ಬರಬಹುದಾದ ಕೇಡು ಯಾವುದೋ ನನಗೆ ತಿಳಿಯದು.

"ನಾನು ಓಗೋದ್ರೊಳಗೆ ಗೊತ್ತಾಗ್ಬೇಕು ಕಣ್ಲಾ, ಬಡಿಸ್ಬೇಕೋ ಬ್ಯಾಡ್ವೋ," ಎಂದಳು ದೊಡ್ಡವ್ವ ಒಂದು ದಿನ.

ತಾಲ್ಲೂಕು ಕಚೇರಿಯಲ್ಲಿ ನೌಕರಿಯುದ್ದಕ್ಕೂ ಜನರ ಕಾಗದ ಕಳೆದವನಿಗೆ ಒಂದು ಕಾಗದ ಹುಡುಕುವ ಯೋಗ್ಯತೆ ಇದ್ದೇ ಇರುತ್ತದೆಂದು ಮನೆಯವರೆಲ್ಲ ಏಕಾಭಿಪ್ರಾಯದಿಂದ ನನ್ನನ್ನು ನೇಮಿಸಿದರು.

ತಾತನ ತಾಯಿ ಬೆಟ್ಟದ ಕಾಫಿ ತೋಟಕ್ಕೆ ಕೂಲಿಗೆ ಹೋದವಳು. ತಂದೆ ಆ ತೋಟದ ಬಿಳಿ ದೊರೆ ಎಂಬುದನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ತಾತನ ಬೆಕ್ಕಿನ ಕಣ್ಣು ದೊಡ್ಡವ್ವನಿಗೆ ಬಂದಿದೆ. ಅಂಥವನನ್ನು ಸೈನ್ಯದವರು ಬಿಳಿಯರ ಪಟ್ಟಿಗೆ ಸೇರಿಸಿದರೋ, ನಮ್ಮವರ ಪಟ್ಟಿಗೋ, ನಡುವಿನ ಜನರ ಪಟ್ಟಿಗೋ? ಮೂರನ್ನೂ ನೋಡಬೇಕು. ಮಾಂಬಳ್ಳಿ ಸೇರಿದ ಯಳಂದೂರು ಮೈಸೂರು ಮಹಾರಾಜರ ಸೀಮೆಯಾದ್ದರಿಂದ ಮೈಸೂರಿನ ದಾಖಲೆಗಳನ್ನೇ ನಾಲ್ಕು ವರ್ಷ ಜಾಲಾಡಿದೆ. ಅರ್ಜಿ ಹಾಕಿದೆ, ಜ್ಞಾಪನ ಹಾಕಿದೆ, ಜ್ಞಾಪನಕ್ಕೂ ಜ್ಞಾಪನ ಹಾಕಿದೆ. 'ಲಭ್ಯವಿಲ್ಲ' ಎಂದು ನಾನು ಬೇರೆಯವರಿಗೆ ಬರೆಯುತ್ತಿದ್ದ ಉತ್ತರವೇ ನನಗೆ ವಾಪಸು ಬರತೊಡಗಿತು. ಚಪ್ಪಲಿ ಸವೆದವು, ನಾನೂ ಸವೆದೆ.

ಕೊನೆಗೆ ಯಾರೋ ಹೇಳಿದರೆಂದು ಹನೂರು ದಾಟಿ ಮಾರ್ಟಳ್ಳಿಯ ನಿವೃತ್ತ ಹವಾಲ್ದಾರರೊಬ್ಬರ ಮನೆಗೆ ಹೋದೆ. ಅವರು ಟೀ ಕೊಟ್ಟು, ತಾತ ಸೇರಿದ್ದು ಎಲ್ಲಿ ಎಂದು ವಿಚಾರಿಸಿದರು. ಕೊಳ್ಳೇಗಾಲದ ಸಂತೆಗೆ ಹೋದವನು ಅಲ್ಲೇ ಹೆಸರು ಬರೆಸಿ ಹಾಗೇ ಹೋದನಂತೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಕೊಳ್ಳೇಗಾಲ ಆವಾಗ ಮದ್ರಾಸ್ ಅಲ್ವಾ ಸಾ?"

ಹೌದು. ರಾಜ್ಯ ಒಂದಾಗುವ ತನಕ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈ ಸಂಗತಿಯನ್ನು ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ಗಂಭೀರವಾಗಿ ಬೋಧಿಸುತ್ತಿದ್ದವನು ನಾನೇ. ತಾತ ಬೆಳಗ್ಗೆ ಮಹಾರಾಜರ ಪ್ರಜೆಯಾಗಿ ಮನೆ ಬಿಟ್ಟು ಮಧ್ಯಾಹ್ನಕ್ಕೆ ಮದರಾಸಿನ ಸಿಪಾಯಿಯಾಗಿದ್ದ. ನಾನು ಮಾತ್ರ ನಾಲ್ಕು ವರ್ಷ ಅವನನ್ನು ಗಡಿಯ ಈಚೆಗೇ ಹುಡುಕುತ್ತಿದ್ದೆ.

ಮತ್ತೆ ಅರ್ಜಿ. ಈ ಸಲದ ಅಮಾವಾಸ್ಯೆಗೆ ಎರಡು ದಿನವಿದೆ ಎನ್ನುವಾಗ ನಕಲು ಬಂತು. ಅವನದೇ ಹೆಸರು, ಊರು ಮಾಂಬಳ್ಳಿ, ಕಣ್ಣು ಬೂದು. ಜಾತಿಯ ಕಾಲಮಿನಲ್ಲಿ ಒಂದು ಪದ ಬರೆದು ಹೊಡೆದುಹಾಕಿ, ಇನ್ನೊಂದು ಬರೆದು ಅದನ್ನೂ ಹೊಡೆದುಹಾಕಿ, ಗುಮಾಸ್ತ ಸುಸ್ತಾಗಿ ಖಾಲಿ ಬಿಟ್ಟಿದ್ದ. ಅವನ ಮೇಲೆ ನನಗೆ ಪ್ರೀತಿ ಹುಟ್ಟಿತು. ಕೊನೆಯ ಸಾಲು: ಯುದ್ಧ ಮುಗಿದ ಮೇಲೆ ಬಿಡುಗಡೆ, ಆರೋಗ್ಯ ಉತ್ತಮ, ಊರಿಗೆ ಮರಳಲು ರೈಲಿನ ಪಾಸು ಕೊಡಲಾಗಿದೆ.

ಯುದ್ಧದಲ್ಲಿ ಸತ್ತನೆಂದು ಹೇಳಿಬಿಡೋಣವೆಂದು ಬಸ್ಸಿನಲ್ಲಿ ಒಂದು ಸುಳ್ಳನ್ನು ಸಿದ್ಧ ಮಾಡಿಕೊಂಡಿದ್ದೆ. ಆದರೆ ಎಲೆಗಳ ಮುಂದೆ ಕೂತ ದೊಡ್ಡವ್ವ ಆ ಬೂದು ಕಣ್ಣನ್ನು ನನ್ನ ಮೇಲೆ ನೆಟ್ಟಾಗ ಇದ್ದದ್ದನ್ನೇ ಓದಿದೆ.

"ಅಂಗಾರೆ ಸತ್ತಿರ್ನಿಲ್ಲ."

"ಅವಾಗ ಸತ್ತಿರ್ನಿಲ್ಲ, ದೊಡ್ಡವ್ವ."

"ಬರ್ಬೋದಾಗಿತ್ತು."

ನಾನು ಕಾಗದ ಮಡಿಸಿದೆ. ಸಾಂಬ್ರಾಣಿಯ ಹೊಗೆ ಕಣ್ಣಿಗೆ ಬರುತ್ತಿತ್ತು. ಉಳಿದವರ ಎಲೆಗಳಲ್ಲಿ ವಡೆ, ಪಾಯಸ, ಕಜ್ಜಾಯ ಎಲ್ಲವೂ ಆಗಲೇ ಬಿದ್ದಿದ್ದವು. ದೊಡ್ಡವ್ವ ಕೊನೆಯ ಎಲೆಯನ್ನು ನಿಧಾನವಾಗಿ ತನ್ನ ಮುಂದಕ್ಕೆ ಎಳೆದುಕೊಂಡಳು.

"ಬಡ್ಸು," ಎಂದಳು.

ತಾತನಿಗಾ ಎಂದು ಕೇಳಿದೆ.

"ಅವ್ನು ಎಲ್ಲೋ ಉಂಡಿರ್ತಾನೆ. ನನ್ಗೆ ಬಡ್ಸು."

ಬಡಿಸಿದೆ. ಕಜ್ಜಾಯ ಎರಡು ಹಾಕಿದೆ. ಇನ್ನೊಂದು ಹಾಕು ಎಂದಳು.